ಕಾಲೂರಿ ನಿಲ್ಲುವ ದೋಣಿ: ಕಡಲ ಕೆಲಸದ ಜಾಕ್‌ಅಪ್ ಬೋಟನ್ನು ತಳದಿಂದ ಮೇಲಕ್ಕೆ ರೂಪಿಸುವ ಬಗೆ

ಅಡಿಕೆ ಕೊಯ್ಯುವ ದೋಟಿ ಹಿಡಿದು ತೋಟದಲ್ಲಿ ನಡೆದವರಿಗೆ ಈ ಲೇಖನದ ಅರ್ಧ ಪಾಠ ಆಗಲೇ ಗೊತ್ತಿದೆ. ದೋಟಿ ನೆಟ್ಟಗಿರುವಷ್ಟು ಹೊತ್ತು ಅದರ ಭಾರ ಕೈಗೆ ತಿಳಿಯುವುದಿಲ್ಲ. ತುದಿ ಒಂದು ಗೇಣು ವಾಲಿತೆಂದರೆ ಮೈಯೆಲ್ಲ ಅದರ ಹಿಂದೆ ಓಡಬೇಕಾಗುತ್ತದೆ. ಇನ್ನೂ ಜೋರಾಗಿ ಎಳೆದು ನೆಟ್ಟಗೆ ಮಾಡಲು ಹೋದರೆ ತುದಿ ಆಚೆ ಬದಿಗೆ ಬಳುಕುತ್ತದೆ. ನಲವತ್ತು ಮೀಟರ್ ಉದ್ದದ ಮೂರು ಉಕ್ಕಿನ ಕಾಲುಗಳನ್ನು ಆಕಾಶಕ್ಕೆ ಎತ್ತಿಕೊಂಡು ಕಡಲಲ್ಲಿ ಸಾಗುವ ದೋಣಿಯ ಸ್ಥಿತಿಯೂ ಅದೇ.

ಇಂಥ ದೋಣಿಗೆ ಲಿಫ್ಟ್‌ಬೋಟ್ ಎನ್ನುತ್ತಾರೆ, ಕೆಲಸದ ಜಾಗದಲ್ಲಿ ಜಾಕ್‌ಅಪ್ ಎಂದರೆ ಸಾಕು. ತನ್ನದೇ ಎಂಜಿನ್‌ನಿಂದ ಸಾಗಿ, ಜಾಗ ತಲುಪಿದ ಮೇಲೆ ಕಾಲುಗಳನ್ನು ಕಡಲ ತಳಕ್ಕೆ ಇಳಿಸಿ, ಆ ಕಾಲುಗಳ ಮೇಲೆ ತನ್ನ ಒಡಲನ್ನೇ ನೀರಿನಿಂದ ಮೇಲಕ್ಕೆ ಎತ್ತಿಕೊಳ್ಳುತ್ತದೆ. ಆಗ ಅದು ದೋಣಿಯಲ್ಲ, ನಾಲ್ಕು ದಿನದ ಮಟ್ಟಿಗೆ ಕಡಲ ನಡುವಿನ ಅಟ್ಟ. ಅಲೆ ಕೆಳಗೆ ಹಾದುಹೋಗುತ್ತಿರುವಾಗ ಮೇಲೆ ಬೋರ್‌ಹೋಲ್ ಕೊರೆಯಬಹುದು, ಅಡಿಪಾಯದ ಕಂಬ, ಅಂದರೆ ಪೈಲ್ ಇಳಿಸಬಹುದು, ಎಣ್ಣೆ ಬಾವಿಯನ್ನು ದುರಸ್ತಿ ಮಾಡಬಹುದು. ಈ ಬಗೆಯ ಮೊದಲ ದೋಣಿ 1955ರಲ್ಲಿ ಅಮೆರಿಕದ ಲೂಸಿಯಾನಾದಲ್ಲಿ ತಯಾರಾಯಿತು. ನಮ್ಮ ದೇಶಕ್ಕೆ ಕಾಲೂರಿ ನಿಲ್ಲುವ ತತ್ವ ಪರಿಚಯವಾದದ್ದು ಜಪಾನಿನಲ್ಲಿ ಕಟ್ಟಿದ ‘ಸಾಗರ್ ಸಮ್ರಾಟ್’ ಎಂಬ ಜಾಕ್‌ಅಪ್ ರಿಗ್‌ನಿಂದ. 1974ರಲ್ಲಿ ಬಾಂಬೆ ಹೈಯಲ್ಲಿ ಎಣ್ಣೆ ಕಂಡದ್ದು ಅದರ ಕೊರೆತದಲ್ಲೇ.

ಮಂಜೇಶ್ವರ, ಕುಂಬಳೆ, ಕಾಸರಗೋಡಿನ ಕಡೆಯಿಂದ ಕನ್ನಡ ಮಾಧ್ಯಮದಲ್ಲಿ ಓದಿ ಇಂಜಿನಿಯರಿಂಗ್‌ಗೋ ಪಾಲಿಟೆಕ್ನಿಕ್‌ಗೋ ಸೇರಿದ ಮಕ್ಕಳು ಅಳಿವೆಗಳಲ್ಲಿ ಅಲೆತಡೆಗೋಡೆಯ ಕೆಲಸ ನೋಡುತ್ತಲೇ ಬೆಳೆದವರು. ಈ ದೋಣಿಯನ್ನು ಹೇಗೆ ರೂಪಿಸುತ್ತಾರೆ ಎಂದು ಅವರು ಕೇಳಿದಾಗ ಕೊಡಲು ನನ್ನ ಬಳಿ ಕನ್ನಡದಲ್ಲಿ ಒಂದು ಪುಟವೂ ಇರಲಿಲ್ಲ. ಅದಕ್ಕಾಗಿ ಇದನ್ನು ಬರೆದಿದ್ದೇನೆ. ಪಕ್ಕದಲ್ಲಿ ಕಾಗದ, ಪೆನ್ನು, ಕ್ಯಾಲ್ಕ್ಯುಲೇಟರ್ ಇಟ್ಟುಕೊಂಡು ಓದಿ. ಇಲ್ಲಿರುವ ಅಳತೆಗಳು ಕಲಿಕೆಗಾಗಿ ನಾನೇ ಹಾಕಿಕೊಂಡವು: 30 ಮೀಟರ್ ಉದ್ದ, 16 ಮೀಟರ್ ಅಗಲ, 2.5 ಮೀಟರ್ ಆಳದ ಒಡಲು, ಮೂರು ಕಾಲು, ಕೆಲಸದ ಜಾಗದಲ್ಲಿ ನೀರಿನ ಆಳ 15 ಮೀಟರ್. ನಿಜವಾಗಿ ಕಟ್ಟುವ ದೋಣಿಗೆ ಇಂಡಿಯನ್ ರಿಜಿಸ್ಟರ್ ಆಫ್ ಶಿಪ್ಪಿಂಗ್‌ನಂಥ ವರ್ಗೀಕರಣ ಸಂಸ್ಥೆಯ ನಿಯಮ ಮತ್ತು ಒಪ್ಪಿಗೆ ಬೇಕೇ ಬೇಕು.

ಹಂತ 1: ಒಡಲನ್ನು ಬರೆಯಬೇಡಿ, ತಳವನ್ನು ಕೇಳಿ

ಹೊಸಬರೆಲ್ಲ ಮೊದಲು ಒಡಲಿನ ಚಿತ್ರ ಬರೆಯುತ್ತಾರೆ. ಈ ದೋಣಿಯಲ್ಲಿ ಅದು ತಲೆಕೆಳಗಾದ ಕ್ರಮ. ತಳದ ಮಣ್ಣು ಪಾದವನ್ನು ತೀರ್ಮಾನಿಸುತ್ತದೆ, ನೀರಿನ ಆಳ ಮತ್ತು ಅಲೆ ಕಾಲನ್ನು ತೀರ್ಮಾನಿಸುತ್ತವೆ, ಆ ಕಾಲುಗಳನ್ನು ಹೊತ್ತು ತೇಲಬಲ್ಲ ಒಡಲು ಕೊನೆಗೆ ಬರುತ್ತದೆ.

ನಮ್ಮ ಕರಾವಳಿಯ ತಳ ಒಂದೇ ತೆರನಲ್ಲ. ದಡದ ಹತ್ತಿರ ಮರಳು, ಮುಂದೆ ಹೋದಂತೆ ಮೆತ್ತನೆಯ ಜೇಡಿ ಕೆಸರು, ನಡುನಡುವೆ ಬಂಡೆ. ನೌಕಾ ನಕ್ಷೆಯಲ್ಲಿ ಆಳ ಸಿಗುತ್ತದೆ, ತಳದ ಮೇಲ್ಪದರದ ಗುರುತೂ ಸಿಗುತ್ತದೆ. ಆದರೆ ಆ ಪದರದ ಕೆಳಗೆ ಏನಿದೆ ಎಂಬುದಕ್ಕೆ ಬೋರ್‌ಹೋಲ್ ಬೇಕು. ಅದಕ್ಕೂ ಮೊದಲು ಊರಿನ ತಂಡೇಲರನ್ನು ಮಾತಾಡಿಸಿ. ಲಂಗರು ಎಲ್ಲಿ ಕಚ್ಚುತ್ತದೆ, ಎಲ್ಲಿ ಜಾರುತ್ತದೆ, ಬಲೆ ಎಲ್ಲಿ ಕಲ್ಲಿಗೆ ಸಿಕ್ಕಿ ಹರಿಯುತ್ತದೆ ಎಂಬುದು ಅವರಿಗೆ ಅಂಗೈಯ ಗೆರೆಯಷ್ಟು ಸ್ಪಷ್ಟ. ಬೋರ್‌ಹೋಲ್ ಎಲ್ಲಿ ಕೊರೆಯಬೇಕೆಂದು ಗೊತ್ತುಮಾಡಲು ಅವರ ಮಾತು ತುಂಬ ನೆರವಾಗುತ್ತದೆ.

ಈ ಹಂತದಲ್ಲಿ ಎಲ್ಲಕ್ಕಿಂತ ಹೆಚ್ಚು ಹೆದರಬೇಕಾದದ್ದು ಗಟ್ಟಿ ಪದರದ ಕೆಳಗಿರುವ ಮೆತ್ತನೆಯ ಪದರಕ್ಕೆ. ಕೊಯ್ಲಾದ ಗದ್ದೆಯನ್ನು ನೆನಪಿಸಿಕೊಳ್ಳಿ. ಮೇಲೆ ಬಿಸಿಲಿಗೆ ಒಣಗಿ ಹೆಪ್ಪುಗಟ್ಟಿದ ಮಣ್ಣು, ಮಗು ಓಡಿದರೂ ಏನೂ ಆಗುವುದಿಲ್ಲ. ಅಕ್ಕಿಮೂಟೆ ಹೊತ್ತವರು ಕಾಲಿಟ್ಟರೆ ಹೆಪ್ಪು ಬಿರಿದು ಮೊಣಕಾಲವರೆಗೆ ಒಮ್ಮೆಗೇ ಕುಸಿಯುತ್ತದೆ. ಕಡಲ ತಳದಲ್ಲಿ ತೆಳು ಮರಳಿನ ಕೆಳಗೆ ಕೆಸರಿದ್ದರೆ ನಡೆಯುವುದು ಇದೇ. ಇದಕ್ಕೆ ಪಂಚ್-ಥ್ರೂ ಎನ್ನುತ್ತಾರೆ. ಮೂರು ಕಾಲುಗಳಲ್ಲಿ ಒಂದು ಮಾತ್ರ ಹೀಗೆ ಇಳಿದರೆ ಒಡಲು ಆ ಬದಿಗೆ ವಾಲಿ ಉಳಿದೆರಡು ಕಾಲುಗಳು ಬಾಗುತ್ತವೆ. ಆದ್ದರಿಂದ ಮೂರೂ ಪಾದಗಳ ಜಾಗದಲ್ಲಿ, ಪಾದ ಇಳಿಯಬಹುದಾದ ಆಳಕ್ಕಿಂತ ಇನ್ನೂ ಸಾಕಷ್ಟು ಕೆಳಗಿನವರೆಗೆ ಮಣ್ಣಿನ ಪರೀಕ್ಷೆ ಇರಲಿ.

ಹಂತ 2: ಕಾಲಿನ ಉದ್ದ

ಇದು ಕೂಡುವ ಲೆಕ್ಕ. ನೀರಿನ ಆಳ 15 ಮೀಟರ್, ಇದನ್ನು ಇಳಿತದ ಮಟ್ಟದಿಂದ ಎಣಿಸಿ. ಭರತದ ಏರಿಕೆ ನಮ್ಮ ಕಡೆ ಸುಮಾರು 1.5 ಮೀಟರ್. ಬಿರುಗಾಳಿ ನೀರನ್ನು ದಡಕ್ಕೆ ಒತ್ತಿದಾಗಿನ ಉಬ್ಬರಕ್ಕೆ 1 ಮೀಟರ್ ಹಿಡಿಯೋಣ. ಆ ಜಾಗದ ಅತಿ ದೊಡ್ಡ ಅಲೆ 7 ಮೀಟರ್ ಎಂದುಕೊಳ್ಳಿ. ಆಳ ಕಡಿಮೆಯಿದ್ದಲ್ಲಿ ಅಲೆಯ ತಲೆ ಚೂಪಾಗಿ ಮೇಲೇಳುತ್ತದೆ, ಎತ್ತರದ ಅರ್ಧಕ್ಕಿಂತ ಹೆಚ್ಚು ಭಾಗ ಸ್ಥಿರ ಮಟ್ಟದ ಮೇಲಿರುತ್ತದೆ. ಹಾಗಾಗಿ 4.5 ಮೀಟರ್ ತೆಗೆದುಕೊಳ್ಳಿ. ಭರತ, ಉಬ್ಬರ, ಅಲೆಯ ತಲೆ ಮೂರೂ ಸೇರಿ ಒಟ್ಟು 7 ಮೀಟರ್. ಅಲೆಯ ತಲೆಗೂ ಒಡಲಿನ ತಳಕ್ಕೂ ನಡುವೆ ಉಳಿಸಬೇಕಾದ ಗಾಳಿಯ ಜಾಗಕ್ಕೆ ವಾಡಿಕೆಯ ನಿಯಮವೊಂದಿದೆ: 1.2 ಮೀಟರ್, ಅಥವಾ ಈ ಒಟ್ಟು ಮೊತ್ತದ ಶೇಕಡಾ 10, ಇವೆರಡರಲ್ಲಿ ಕಡಿಮೆಯದ್ದು. ನಮ್ಮ ಲೆಕ್ಕದಲ್ಲಿ 0.7 ಮೀಟರ್ ಸಾಕಾಗುತ್ತದೆ. ನಾನಾದರೆ 1.2 ಮೀಟರನ್ನೇ ಇಡುತ್ತೇನೆ. ಒಡಲಿಗೆ ಒಂದೇ ಒಂದು ಅಲೆ ತಾಗಿದರೂ ಅದುವರೆಗಿನ ಲೆಕ್ಕವೆಲ್ಲ ಸುಳ್ಳಾಗುತ್ತದೆ. ಕಾಲಿನ ಕೊಳವೆಗೆ ಬಡಿಯುವ ನೀರೇ ಬೇರೆ, 16 ಮೀಟರ್ ಅಗಲದ ಗೋಡೆಗೆ ಬಡಿಯುವ ನೀರೇ ಬೇರೆ.

ಅಲ್ಲಿಗೆ ಒಡಲಿನ ತಳ ಇಳಿತದ ಮಟ್ಟದಿಂದ 8.2 ಮೀಟರ್ ಮೇಲೆ ನಿಲ್ಲಬೇಕು. ಪಾದ ಕೆಸರಿನಲ್ಲಿ 4 ಮೀಟರ್ ಇಳಿಯುತ್ತದೆ ಎಂದಿಟ್ಟುಕೊಂಡರೆ ಒಡಲಿನ ಕೆಳಗೇ 27.2 ಮೀಟರ್ ಕಾಲು ಬೇಕು. ಒಡಲಿನ ಆಳ 2.5, ಅದರ ಮೇಲೆ ಎತ್ತುವ ಯಂತ್ರವಿರುವ ಜಾಕ್ ಮನೆ 3, ಎಣಿಕೆಗಿಂತ ಹೆಚ್ಚು ಇಳಿದರೆ ಕೈಗಾವಲಿಗೆ ಇನ್ನು ಕೆಲವು ಮೀಟರ್ ಸೇರಿಸಿ. ಹೀಗೆ 40 ಮೀಟರ್ ಆಯಿತು.

2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ದಡಕ್ಕೆ ಅಪ್ಪಳಿಸದೆ ಕಡಲಲ್ಲೇ ಉತ್ತರಕ್ಕೆ ಹಾದುಹೋದರೂ ಉಪ್ಪಳದ ಮುಸೋಡಿಯಲ್ಲಿ ಮನೆಗಳ ಬುಡಕ್ಕೆ ನೀರು ಬಂದಿತ್ತು. ಅಲೆಯ ಎತ್ತರ ಆರಿಸುವಾಗ ಅಂಥ ದಿನವನ್ನು ಮನಸ್ಸಿನಲ್ಲಿಡಿ, ಜನವರಿಯ ಬೆಳಗನ್ನಲ್ಲ.

ಹಂತ 3: ಕಾಲಿನ ದಪ್ಪ

ಅಡಿಕೆ ಮರ ತನ್ನ ತಲೆಯ ಭಾರಕ್ಕೆ ಮುರಿಯುವುದಿಲ್ಲ, ಬಾಗಿದ ಮೇಲೆ ಅದೇ ಭಾರಕ್ಕೆ ಮುರಿಯುತ್ತದೆ. ಕಾಲಿನ ಲೆಕ್ಕದ ತಿರುಳು ಇಷ್ಟೇ.

ಆಳ ಕಡಿಮೆಯಿದ್ದಲ್ಲಿ ದುಂಡು ಕೊಳವೆಯ ಕಾಲು ಚೆನ್ನ. ಆಳ ಹೆಚ್ಚಿದಂತೆ ಅಲೆಯ ಹೊಡೆತ ತಗ್ಗಿಸಲು ಜಾಲರಿಯಂತೆ ಹೆಣೆದ ಟ್ರಸ್ ಕಾಲು ಬೇಕಾಗುತ್ತದೆ. ನಮ್ಮ ಉದಾಹರಣೆಗೆ 1.2 ಮೀಟರ್ ವ್ಯಾಸದ, 25 ಮಿಲಿಮೀಟರ್ ದಪ್ಪದ ಕೊಳವೆ ಹಿಡಿಯಿರಿ. ಮೀಟರಿಗೆ ಸುಮಾರು 725 ಕಿಲೋ ತೂಕ, ಕಾಲೊಂದಕ್ಕೆ 29 ಟನ್, ಮೂರಕ್ಕೆ 87 ಟನ್. ಕಾಲಿನ ಮೇಲ್ತುದಿ ಒಡಲಿನಲ್ಲಿ ಬಿಗಿಯಾಗಿದೆ, ಕೆಳತುದಿ ಕೆಸರಿನಲ್ಲಿ ತಿರುಗಬಲ್ಲದು, ಒಡಲು ಅಡ್ಡಕ್ಕೆ ಸರಿಯಬಲ್ಲದು. ಈ ಸ್ಥಿತಿಯಲ್ಲಿ ಕಾಲಿನ ಪರಿಣಾಮಕಾರಿ ಉದ್ದ ಅದರ ನಿಜ ಉದ್ದದ ಎರಡು ಪಟ್ಟು. 27.2 ಮೀಟರ್ ಇದ್ದದ್ದು ಲೆಕ್ಕಕ್ಕೆ 54 ಮೀಟರ್ ಆಗುತ್ತದೆ. ಆಯ್ಲರ್ ಸೂತ್ರದಲ್ಲಿ ಹಾಕಿದರೆ ಕಾಲು ಬಳುಕಿ ಬೀಳುವ ಹೊರೆ ಸುಮಾರು 1,100 ಟನ್ ಬರುತ್ತದೆ.

ಒಡಲು ಮತ್ತು ಸಾಮಾನಿನ 540 ಟನ್ ಸೇರಿ ದೋಣಿಯ ಒಟ್ಟು ತೂಕ 627 ಟನ್, ಕಾಲಿಗೆ 209 ಟನ್. ಐದು ಪಟ್ಟು ಬಲವಿದೆ ಎಂದು ನೆಮ್ಮದಿಯಾಗಬೇಡಿ. ಅಲೆ ಮತ್ತು ಗಾಳಿ ಒಡಲನ್ನು ಅಡ್ಡಕ್ಕೆ ತಳ್ಳಿದಾಗ ಈ 209 ಟನ್ ನೇರ ರೇಖೆಯಿಂದ ಸರಿದು ತಾನೂ ಕಾಲನ್ನು ಬಾಗಿಸತೊಡಗುತ್ತದೆ. ಒಂದರಿಂದ ಹೊರೆಯ ಅನುಪಾತವನ್ನು ಕಳೆದು, ಬಂದದ್ದರಿಂದ ಒಂದನ್ನು ಭಾಗಿಸಿ. 209ನ್ನು 1,100ರಿಂದ ಭಾಗಿಸಿದರೆ 0.19, ಉತ್ತರ 1.23. ಅಂದರೆ ಮೊದಲು ಲೆಕ್ಕಹಾಕಿದ ಬಾಗು ಶೇಕಡಾ 23ರಷ್ಟು ಬೆಳೆಯುತ್ತದೆ. ಇದೇ ದೋಣಿಯ ಒಡಲಿನ ಕೆಳಗೆ 40 ಮೀಟರ್ ಕಾಲು ಬರುವಷ್ಟು ಆಳಕ್ಕೆ ಹೋದಿರೆಂದುಕೊಳ್ಳಿ. ಬಳುಕುವ ಹೊರೆ 500 ಟನ್‌ಗೆ ಇಳಿದು ಬೆಳವಣಿಗೆ ಶೇಕಡಾ 70 ದಾಟುತ್ತದೆ. ‘ಇನ್ನೊಂದು ಹತ್ತು ಹನ್ನೆರಡು ಮೀಟರ್ ಕಾಲು ಜೋಡಿಸಿದರೆ ಆಯಿತಲ್ಲ’ ಎನ್ನುವ ಮಾಲೀಕರಿಗೆ ಈ ಎರಡು ಸಂಖ್ಯೆಗಳನ್ನು ತೋರಿಸಿ.

ತೂಗುವ ಕಾಲವನ್ನೂ ನೋಡಲೇಬೇಕು. ಮೂರು ಕಾಲುಗಳ ಮೇಲೆ ನಿಂತ ನಮ್ಮ ಅಟ್ಟ ಅಡ್ಡಕ್ಕೆ ಒಮ್ಮೆ ತೂಗಿ ಬರಲು ಸುಮಾರು ನಾಲ್ಕೂವರೆ ಸೆಕೆಂಡ್ ಹಿಡಿಯುತ್ತದೆ. ಮಳೆಗಾಲದ ದೊಡ್ಡ ಅಲೆಗಳ ಅವಧಿ ಇದಕ್ಕಿಂತ ತುಂಬ ಹೆಚ್ಚು. ಆದರೆ ಬೇಸಗೆಯ ಮಧ್ಯಾಹ್ನ ಕಡಲಗಾಳಿ ಎಬ್ಬಿಸುವ ಗಿಡ್ಡ ಅಲೆಗಳು ಹೆಚ್ಚುಕಡಿಮೆ ಇದೇ ತಾಳದವು. ಎತ್ತರ ಒಂದು ಮೀಟರ್ ಇರಲಿಕ್ಕಿಲ್ಲ, ತಾಳ ಕೂಡಿಬಂದರೆ ಡೆಕ್ಕಿನ ಮೇಲೆ ನಿಂತವರಿಗೆ ತಲೆ ತಿರುಗುತ್ತದೆ, ಬೆಸುಗೆಗಳು ದಿನದಿನಕ್ಕೂ ದಣಿಯುತ್ತವೆ. ಶಾಂತ ಋತುವಿನ ಅಲೆಗಳನ್ನು ಪಟ್ಟಿಯಿಂದ ಬಿಡಬೇಡಿ ಎನ್ನುವುದು ಇದಕ್ಕೇ.

ಚಿಪ್ಪುಜೀವಿಗಳ ಮಾತು ಸಣ್ಣದಾದರೂ ಹೇಳಬೇಕು. ಪಡನ್ನ, ಚೆರುವತ್ತೂರಿನ ಹಿನ್ನೀರಿನಲ್ಲಿ ಹಗ್ಗ ಇಳಿಬಿಟ್ಟು ಕಲ್ಲುಮ್ಮಕ್ಕಾಯಿ ಬೆಳೆಯುವುದನ್ನು ನೋಡಿದ್ದೀರಿ. ತಿಂಗಳುಗಟ್ಟಲೆ ಒಂದೇ ಕಡೆ ನಿಂತ ಕಾಲೂ ಅಂಥ ಹಗ್ಗವೇ. ವ್ಯಾಸ ಹೆಚ್ಚುತ್ತದೆ, ಮೈ ಒರಟಾಗುತ್ತದೆ, ಅಲೆಯ ಎಳೆತವೂ ಜಾಸ್ತಿಯಾಗುತ್ತದೆ.

ಹಂತ 4: ಪಾದ

ಕೆಸರಿನಲ್ಲಿ ಏಣಿ ಇಡುವಾಗ ಕೆಳಗೊಂದು ಹಲಗೆ ಹಾಕುತ್ತೇವಲ್ಲ, ಅದೇ ಪಾದ. ನಮ್ಮ ದೋಣಿಗೆ 4 ಮೀಟರಿಗೆ 6 ಮೀಟರಿನ ಚಪ್ಪಟೆ ಪಾದ ಇಟ್ಟರೆ 24 ಚದರ ಮೀಟರ್. 209 ಟನ್ ಅದರ ಮೇಲೆ ಕೂತಾಗ ಒತ್ತಡ ಸುಮಾರು 85 ಕಿಲೋಪಾಸ್ಕಲ್. ಜೇಡಿಯ ಮೇಲ್ಮೈ ತನ್ನ ಶಿಯರ್ ಬಲದ (ಪದರಗಳು ಒಂದರ ಮೇಲೊಂದು ಜಾರದಂತೆ ತಡೆಯುವ ಬಲ) ಆರರಷ್ಟು ಒತ್ತಡವನ್ನು ತಾಳುತ್ತದೆ ಎಂಬುದು ಕೈಲೆಕ್ಕ. ಅಂದರೆ 14 ಕಿಲೋಪಾಸ್ಕಲ್ ಬಲದ ಜೇಡಿ ಸಿಗುವವರೆಗೆ ಪಾದ ಇಳಿಯುತ್ತಲೇ ಹೋಗುತ್ತದೆ.

ಮರಳಿನ ತಳದಲ್ಲಿ ಪಾದ ಇಳಿಯುವುದಿಲ್ಲ, ಬದಲಿಗೆ ಸುತ್ತಲಿನ ಮರಳು ಕೊರೆದುಹೋಗುತ್ತದೆ. ಇದನ್ನು ನೋಡಲು ಕಣ್ವತೀರ್ಥದ ದಡಕ್ಕೆ ಹೋಗಿ ಅಲೆ ಬಂದು ಹೋಗುವಲ್ಲಿ ಬರಿಗಾಲಲ್ಲಿ ಅಲ್ಲಾಡದೆ ನಿಲ್ಲಿ. ಮೊದಲ ಅಲೆ ಹಿಂದಿರುಗುವಾಗ ಹಿಮ್ಮಡಿಯ ಎರಡೂ ಬದಿಯಲ್ಲಿ ಸಣ್ಣ ಸುಳಿ ಕಾಣುತ್ತದೆ. ಮೂರನೆಯದಕ್ಕೆ ಹಿಮ್ಮಡಿಯ ಕೆಳಗಿನ ಮರಳು ಜಾರಿಹೋಗಿ ಮೈ ಹಿಂದಕ್ಕೆ ವಾಲುತ್ತದೆ, ಬೆರಳುಗಳು ತಾವಾಗಿಯೇ ನೆಲವನ್ನು ಕಚ್ಚಿ ಹಿಡಿಯುತ್ತವೆ. ಉಕ್ಕಿನ ಪಾದಕ್ಕೆ ಬೆರಳಿಲ್ಲ. ಅದಕ್ಕಾಗಿ ಪಾದದ ಅಂಚಿನಲ್ಲಿ ಮರಳಿಗೆ ಇಳಿಯುವ ಲಂಗದಂಥ ಪಟ್ಟಿ ಕೊಡುತ್ತಾರೆ, ಸುತ್ತ ಕಲ್ಲು ಅಥವಾ ಮರಳು ಚೀಲ ಹಾಕುತ್ತಾರೆ.

ಹಂತ 5: ಎತ್ತುವ ಯಂತ್ರ ಮತ್ತು ಗೈಡ್

ಕಾಲಿನ ಉದ್ದಕ್ಕೂ ಹಲ್ಲುಪಟ್ಟಿ, ಅದಕ್ಕೆ ಕಚ್ಚಿಕೊಳ್ಳುವ ಪಿನಿಯನ್ ಎಂಬ ಹಲ್ಲುಚಕ್ರ, ಅದನ್ನು ತಿರುಗಿಸುವ ಹೈಡ್ರಾಲಿಕ್ ಅಥವಾ ವಿದ್ಯುತ್ ಮೋಟಾರ್. ಒಂದೇ ಮಾತು ನೆನಪಿಡಿ: ವಿದ್ಯುತ್ತೋ ಎಣ್ಣೆಯ ಒತ್ತಡವೋ ಹೋದ ಕ್ಷಣ ಬ್ರೇಕ್ ತಾನಾಗಿ ಬಿಗಿಯಬೇಕು. ಸ್ಪ್ರಿಂಗ್ ಬ್ರೇಕನ್ನು ಬಿಗಿಯಬೇಕು, ಒತ್ತಡ ಅದನ್ನು ಬಿಡಿಸಬೇಕು. ಇದು ಉಲ್ಟಾ ಇರುವ ಯಾವ ನಕ್ಷೆಗೂ ಸಹಿ ಹಾಕಬೇಡಿ.

ಭಾರವನ್ನು ಹೊರುವುದು ಪಿನಿಯನ್, ಬಾಗುವ ಬಲವನ್ನು ತಡೆಯುವುದು ಕಾಲನ್ನು ಸುತ್ತ ಹಿಡಿದು ನೆಟ್ಟಗಿಡುವ ಮೇಲಿನ ಮತ್ತು ಕೆಳಗಿನ ಗೈಡ್‌ಗಳು. ಅಲೆ ಒಂದು ಕಾಲಿನ ಪಾಲಿಗೆ 100 ಕಿಲೋನ್ಯೂಟನ್ ಅಡ್ಡಬಲ ಕೊಟ್ಟರೆ 27.2 ಮೀಟರ್ ಮೇಲೆ ಅದು 2,720 ಕಿಲೋನ್ಯೂಟನ್-ಮೀಟರ್ ಆಗುತ್ತದೆ. ಗೈಡ್‌ಗಳ ನಡುವೆ 5 ಮೀಟರ್ ಇದ್ದರೆ ಒಂದೊಂದಕ್ಕೂ 540 ಕಿಲೋನ್ಯೂಟನ್‌ಗಿಂತ ಹೆಚ್ಚು ಬರುತ್ತದೆ, 2.5 ಮೀಟರ್ ಇದ್ದರೆ ಅದರ ಎರಡು ಪಟ್ಟು. ಜಾಕ್ ಮನೆಯನ್ನು ಗಿಡ್ಡ ಮಾಡಿ ಉಕ್ಕು ಉಳಿಸುವ ಆಸೆ ಬಂದಾಗ ಈ ಭಾಗಾಕಾರ ಮಾಡಿ ನೋಡಿ.

ಹಂತ 6: ಕಾಲೆತ್ತಿ ತೇಲುವ ಹೊತ್ತು

ನಿಂತಿರುವ ದೋಣಿಯ ಬಗ್ಗೆಯೇ ಎಲ್ಲರೂ ಯೋಚಿಸುತ್ತಾರೆ. ನನ್ನ ಕಳವಳ ಯಾವಾಗಲೂ ತೇಲುತ್ತಿರುವ ದೋಣಿಯ ಬಗ್ಗೆ, ಅದರಲ್ಲೂ ಕಾಲು ಇಳಿಸುತ್ತಿರುವ ಆ ಅರ್ಧ ಗಂಟೆಯ ಬಗ್ಗೆ.

ಲೆಕ್ಕ ಮೊದಲಿಗೆ ಮೋಸ ಮಾಡುತ್ತದೆ. ಒಡಲು ಮತ್ತು ಸಾಮಾನು 540 ಟನ್, ಅದರ ಗುರುತ್ವ ಕೇಂದ್ರ ತಳದಿಂದ 2.3 ಮೀಟರ್ ಎತ್ತರದಲ್ಲಿ. ಕಾಲುಗಳ 87 ಟನ್, ಕೇಂದ್ರ 20 ಮೀಟರ್ ಎತ್ತರದಲ್ಲಿ. ಎರಡೂ ಕೂಡಿದಾಗ 4.8 ಮೀಟರ್ ಬರುತ್ತದೆ. ದೋಣಿಯ ಏಳನೇ ಒಂದು ಭಾಗಕ್ಕೂ ಕಡಿಮೆ ತೂಕದ ಕಾಲುಗಳು ಇಡೀ ದೋಣಿಯ ಕೇಂದ್ರವನ್ನು ಎರಡೂವರೆ ಮೀಟರ್ ಮೇಲಕ್ಕೆ ಎಳೆದವು. ಆದರೂ ಅಗಲ 16 ಮೀಟರ್ ಇರುವುದರಿಂದ ಮೆಟಾಸೆಂಟರ್ ಎತ್ತರ, ಅಂದರೆ ಸ್ವಲ್ಪ ವಾಲಿದ ದೋಣಿ ಎಷ್ಟು ಬಲವಾಗಿ ನೆಟ್ಟಗಾಗುತ್ತದೆ ಎಂಬುದರ ಅಳತೆಯಾದ ಜಿಎಂ, 11 ಮೀಟರ್ ಬರುತ್ತದೆ. ಸಾಮಾನ್ಯ ಹಡಗಿನ ವಿನ್ಯಾಸಕಾರ ಈ ಸಂಖ್ಯೆ ನೋಡಿ ಕಡತ ಮುಚ್ಚಿಬಿಡಬಹುದು.

ಮುಚ್ಚಬೇಡಿ. ನೀರಿನ ಮೇಲೆ ಉಳಿದಿರುವ ಒಡಲು ಒಂದೇ ಮೀಟರ್. ಅರ್ಧ ಅಗಲ 8 ಮೀಟರ್. ಅಂದರೆ ದೋಣಿ ಕೇವಲ 7 ಡಿಗ್ರಿ ವಾಲಿದರೆ ಡೆಕ್ಕಿನ ಅಂಚು ನೀರಿಗೆ ಮುಳುಗುತ್ತದೆ. ಅಲ್ಲಿಂದ ಮುಂದೆ ನೆಟ್ಟಗಾಗಿಸುವ ಬಲ ಬೆಳೆಯುವುದು ನಿಧಾನವಾಗಿ, ಬೇಗನೇ ಕುಗ್ಗತೊಡಗುತ್ತದೆ. ವಾಲಿಸುವ ಬಲ ಕುಗ್ಗುವುದಿಲ್ಲ. ಆದ್ದರಿಂದ ಜಿಎಂ ಒಂದನ್ನೇ ನಂಬದೆ ವಾಲಿಕೆಯ ಪೂರ್ತಿ ವಕ್ರರೇಖೆ ಬರೆಯಿರಿ. ನೆಟ್ಟಗಾಗಿಸುವ ರೇಖೆಯ ಕೆಳಗಿನ ವಿಸ್ತೀರ್ಣ ಗಾಳಿಯ ರೇಖೆಯ ಕೆಳಗಿನ ವಿಸ್ತೀರ್ಣಕ್ಕಿಂತ ಕನಿಷ್ಠ ಶೇಕಡಾ 40 ಹೆಚ್ಚಿರಬೇಕು ಎಂಬುದು ಚಲಿಸುವ ಕಡಲ ರಿಗ್‌ಗಳಿಗೆ ಇರುವ ಅಂತರರಾಷ್ಟ್ರೀಯ ನಿಯಮ. ಆ ವಿಸ್ತೀರ್ಣವನ್ನು ಒಳಗೆ ನೀರು ನುಗ್ಗುವ ಮೊದಲ ಕಿಂಡಿಯ ಕೋನದವರೆಗೆ ಮಾತ್ರ ಎಣಿಸಬೇಕು. ವಾತಾಯನದ ಕೊಳವೆಯನ್ನು ಒಂದು ಮೀಟರ್ ಮೇಲಕ್ಕೆ, ದೋಣಿಯ ನಡುವಿನ ಕಡೆಗೆ ಸರಿಸುವುದು ಎಷ್ಟೋ ಟನ್ ಉಕ್ಕಿಗಿಂತ ಹೆಚ್ಚು ಪ್ರಯೋಜನ ಕೊಡುತ್ತದೆ.

ಗಾಳಿಯ ಬಲಕ್ಕೆ ಸೂತ್ರ ಸುಲಭ: 0.611ನ್ನು ಆಕಾರದ ಗುಣಕ, ಎತ್ತರದ ಗುಣಕ, ವಿಸ್ತೀರ್ಣ ಮತ್ತು ವೇಗದ ವರ್ಗದಿಂದ ಗುಣಿಸಿದರೆ ನ್ಯೂಟನ್‌ನಲ್ಲಿ ಉತ್ತರ. 70 ನಾಟ್ ಎಂದರೆ ಸೆಕೆಂಡಿಗೆ 36 ಮೀಟರ್. ದುಂಡು ಕಾಲಿಗೆ ಆಕಾರದ ಗುಣಕ 0.5. ಎತ್ತರದ ಗುಣಕ ಬಿಟ್ಟರೂ ಮೂರು ಕಾಲುಗಳಿಗೆ 5 ಟನ್‌ಗೂ ಮೇಲಿನ ತಳ್ಳು, ಅದೂ ನೀರಿನಿಂದ 20 ಮೀಟರ್ ಎತ್ತರದಲ್ಲಿ. ಹಲ್ಲುಪಟ್ಟಿ ಇರುವ ಕಾಲು ನಯವಾದ ಕೊಳವೆಯಲ್ಲ, ಹಾಗಾಗಿ ನಿಜವಾದ ಬಲ ಇನ್ನೂ ಹೆಚ್ಚು. ಕ್ಯಾಬಿನ್, ಕ್ರೇನ್ ಸೇರಿಸಿ. ಈಗ ವೇಗ ಒಂದೂವರೆ ಪಟ್ಟಾದರೆ ಬಲ ಎರಡು ಪಟ್ಟಿಗೂ ಹೆಚ್ಚು ಎಂಬುದನ್ನು ಗಮನಿಸಿ.

2021ರ ಏಪ್ರಿಲ್ 13ರಂದು ಲೂಸಿಯಾನಾದ ತೀರದಾಚೆ ‘ಸೀಕೋರ್ ಪವರ್’ ಎಂಬ ಲಿಫ್ಟ್‌ಬೋಟ್ ಮಗುಚಿತು. ದಿಢೀರನೆ ಎದ್ದ ಬಿರುಗಾಳಿಗೆ ಸಿಕ್ಕಿ, ಕಾಲು ಇಳಿಸಿ ನಿಲ್ಲುವ ಯತ್ನದಲ್ಲಿದ್ದಾಗಲೇ ದೋಣಿ ಪಕ್ಕಕ್ಕೆ ಬಿದ್ದಿತು. ಅದರಲ್ಲಿದ್ದ 19 ಜನರಲ್ಲಿ 6 ಮಂದಿ ಮಾತ್ರ ಬದುಕಿದರು. ಗಾಳಿಯ ವೇಗ ದೋಣಿಗೆ ವಿಧಿಸಿದ್ದ ಮಿತಿಯನ್ನು ಮೀರಿತ್ತು ಎಂದು ಅಲ್ಲಿನ ತನಿಖೆ ಹೇಳಿತು. ನಮ್ಮ ಕಡಲಲ್ಲೂ ಏಪ್ರಿಲ್, ಮೇ ಸಂಜೆಗಳಲ್ಲಿ ಗುಡುಗಿನೊಂದಿಗೆ ಹೀಗೆ ಗಾಳಿ ಏಳುತ್ತದೆ. ಮೀನಿಗೆ ಹೋದವರು ಮೋಡದ ಬಣ್ಣ ನೋಡಿ ಹಿಂದಿರುಗುವುದನ್ನು ಬಾಲ್ಯದಿಂದ ಕಂಡಿದ್ದೇವೆ. ದೋಣಿ ಪಕ್ಕಕ್ಕೆ ಬಿದ್ದರೆ ಬಾಗಿಲು ಮಾಳಿಗೆಯಾಗುತ್ತದೆ, ಕಾರಿಡಾರ್ ಬಾವಿಯಾಗುತ್ತದೆ. ಮಲಗುವ ಕೋಣೆಗಳಿಂದ ಎರಡು ದಿಕ್ಕಿಗೆ ದಾರಿಯಿರಲಿ, ಕಿಟಕಿಗಳು ಒಬ್ಬ ಮನುಷ್ಯ ತೂರುವಷ್ಟು ದೊಡ್ಡದಿರಲಿ. ಕ್ಯಾಬಿನ್ನಿನ ನಕ್ಷೆಯನ್ನು ಅಡ್ಡ ತಿರುಗಿಸಿ ಇಟ್ಟು ಒಮ್ಮೆ ನೋಡಿ.

ಜಿಎಂ ಹೆಚ್ಚಿದಷ್ಟೂ ಒಳ್ಳೆಯದೆನ್ನುವಂತೆಯೂ ಇಲ್ಲ. ಗಡಸು ದೋಣಿ ಬೇಗಬೇಗ ಹೊರಳುತ್ತದೆ, ನಮ್ಮದಕ್ಕೆ ಐದೂವರೆ ಸೆಕೆಂಡಿನ ಆಸುಪಾಸು. 6 ಡಿಗ್ರಿ ಹೊರಳಿದಾಗ ಕಾಲಿನ ತೂಕದಿಂದ ಗೈಡಿನ ಬಳಿ ಬರುವ ಬಾಗುಬಲ, ನಿಯಮದಂತೆ ಶೇಕಡಾ 20 ಹೆಚ್ಚಿಸಿದರೂ, ಸುಮಾರು 55 ಟನ್-ಮೀಟರ್. ಹೊರಳಿನ ಜಗ್ಗಾಟದಿಂದ ಬರುವುದು ಹೆಚ್ಚುಕಡಿಮೆ ಅದರ ಮೂರು ಪಟ್ಟು. ದೋಟಿಯನ್ನು ಜೋರಾಗಿ ಎಳೆದಾಗ ತುದಿ ಬಳುಕಿತಲ್ಲ, ಇದು ಅದೇ.

ತೂಕದ ಪಟ್ಟಿಯನ್ನು ವಾರವಾರವೂ ತಿದ್ದಿ. ನಾನು ಕೆಲಸ ಕಲಿಯುತ್ತಿದ್ದಾಗ ಒಂದು ಯಾರ್ಡಿನಲ್ಲಿ ಬೇಕಾದ ದಪ್ಪದ ತಗಡು ಸಿಗಲಿಲ್ಲವೆಂದು ಮುಂದಿನ ಅಳತೆಯದನ್ನು ಹಾಕಿದ್ದರು, ಡೆಕ್ಕಿನ ಮೇಲಿನ ಮನೆಯಲ್ಲೆಲ್ಲ. ಯಾರೂ ಪಟ್ಟಿಗೆ ಸೇರಿಸಿರಲಿಲ್ಲ. ಗೊತ್ತಿರುವ ತೂಕವನ್ನು ಡೆಕ್ಕಿನ ಮೇಲೆ ಅಡ್ಡಕ್ಕೆ ಸರಿಸಿ ದೋಣಿ ಎಷ್ಟು ವಾಲುತ್ತದೆಂದು ನೋಡುವ ವಾಲಿಕೆಯ ಪರೀಕ್ಷೆಯ ದಿನ, ವಾಲಿದ್ದನ್ನು ತೋರಿಸುವ ಲೋಲಕ ನಾವು ಬರೆದಿಟ್ಟ ಗೆರೆಯನ್ನು ದಾಟಿ ನಿಂತಿತು. ಮರದ ತೊಟ್ಟಿಯ ಎಣ್ಣೆಯಲ್ಲಿ ಅದ್ದಿದ ಆ ಲೋಲಕದ ಗುಂಡು, ಪೆನ್ಸಿಲ್ ಗೆರೆಯಾಚೆ ಎರಡು ಬೆರಳು ಸರಿದು ನಿಂತದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ದೋಣಿಯನ್ನು ಮತ್ತೆ ದಡಕ್ಕೆ ತಂದು ಕೆಲಸ ಮಾಡಿದರು.

ಹಂತ 7: ಊರುವುದು, ಕೀಳುವುದು

ಕಾಲು ತಳ ಮುಟ್ಟಿದ ಮೇಲೆ ಪ್ರೀಲೋಡ್. ಬಿರುಗಾಳಿ ಯಾವ ಕಾಲಿನ ಮೇಲೆ ಎಷ್ಟು ಭಾರ ಹೇರಬಹುದೋ ಅಷ್ಟನ್ನು ಶಾಂತ ದಿನದಲ್ಲೇ ಹೇರಿ ಮಣ್ಣನ್ನು ಪರೀಕ್ಷಿಸುವುದು. ಮೂರು ಕಾಲಿನ ದೋಣಿಯಲ್ಲಿ ತೊಟ್ಟಿಗಳಿಗೆ ಕಡಲನೀರು ತುಂಬಿ ಒಂದೊಂದೇ ಕಾಲಿಗೆ ಭಾರ ಕೊಡುತ್ತಾರೆ. ನಾಲ್ಕು ಕಾಲಿದ್ದರೆ ಮೂಲೆಯಿಂದ ಮೂಲೆಗೆ ಎರಡೆರಡರ ಮೇಲೆ ಭಾರ ಸರಿಸಿದರೆ ಸಾಕು, ನೀರು ಬೇಡ. ಈ ಹೊತ್ತಿನಲ್ಲಿ ಒಡಲು ನೀರನ್ನು ಬಿಟ್ಟೂ ಬಿಡದಷ್ಟು ಎತ್ತರದಲ್ಲಿರಬೇಕು. ಗದ್ದೆಯ ಹೆಪ್ಪಿನಂತೆ ತಳ ಒಡೆದರೆ ಒಡಲು ನೀರಿನ ಮೇಲೆ ಕೂರುತ್ತದೆ, ನೀರೇ ಅದನ್ನು ಹಿಡಿಯುತ್ತದೆ. ಎಂಟು ಮೀಟರ್ ಮೇಲೇರಿಸಿ ಪ್ರೀಲೋಡ್ ಮಾಡುವ ದೋಣಿಯನ್ನು ಹಿಡಿಯಲು ಕೆಳಗೆ ಏನೂ ಇರುವುದಿಲ್ಲ. ತೊಟ್ಟಿಗಳನ್ನು ಸಣ್ಣದಾಗಿ ಭಾಗ ಮಾಡಿ, ತೇಲುವಾಗ ಅರ್ಧ ತುಂಬಿದ ತೊಟ್ಟಿಯ ನೀರು ವಾಲಿದ ಕಡೆಗೇ ಓಡುತ್ತದೆ.

ಕೀಳುವುದು ಊರುವುದಕ್ಕಿಂತ ಕಷ್ಟ. ಕೆಸರಿನಲ್ಲಿ ಹೂತ ಚಪ್ಪಲಿಯನ್ನು ಎಳೆದಾಗ ಅಡಿಯಲ್ಲಿ ಹೀರಿದಂತಾಗುತ್ತದೆ. ಪಾದದ ಅಡಿಗೂ ಮೇಲಕ್ಕೂ ನೀರು ಚಿಮ್ಮುವ ಕೊಳವೆಗಳನ್ನು ವಿನ್ಯಾಸದಲ್ಲೇ ಇಡಿ. ಮೂತಿಗಳು ಕೆಸರು ಕಟ್ಟಿ ಮುಚ್ಚದಂತೆ ಬಲೆ, ಕವಾಟ ಇರಲಿ. ಒಡಲನ್ನು ನೀರಿನಲ್ಲಿ ಮುಳುಗಿಸಿ ತೇಲುಬಲದಿಂದ ಎಳೆಯುವಾಗ ಎಷ್ಟು ಮುಳುಗಿಸಬಹುದು ಎಂಬ ಗೆರೆಯನ್ನು ಒಡಲಿನ ಮೇಲೆಯೇ ಬಣ್ಣದಲ್ಲಿ ಬರೆಸಿ. ಕಾಲು ಕಿತ್ತಲ್ಲಿ ಗುಂಡಿ ಉಳಿಯುತ್ತದೆ. ಮುಂದಿನ ಸಲ ಅದರ ಪಕ್ಕದಲ್ಲೇ ಊರಿದರೆ ಪಾದ ಗುಂಡಿಯ ಕಡೆಗೆ ಜಾರಿ ಕಾಲು ಬಾಗುತ್ತದೆ, ಹಾಗಾಗಿ ಊರಿದ ಜಾಗಗಳ ದಾಖಲೆ ದೋಣಿಯ ಜೊತೆಗೇ ಇರಲಿ.

ಹಂತ 8: ಚಾಲಕರ ಕೋಣೆಯ ಫಲಕ

ನಕ್ಷೆಗಳನ್ನು ಒಪ್ಪಿಸಿದ ಮೇಲೂ ಒಂದು ಕೆಲಸ ಉಳಿದಿರುತ್ತದೆ. ನಮ್ಮ ಕಡೆಯ ದೋಣಿಯಲ್ಲಿ ದುಡಿಯುವವರು ತುಳು, ಮಲಯಾಳ, ಬ್ಯಾರಿ, ಕೊಂಕಣಿ ಮಾತಾಡುತ್ತಾರೆ. ಇಂಗ್ಲಿಷಿನ ಮುನ್ನೂರು ಪುಟದ ಕೈಪಿಡಿ ಬೀರುವಿನಲ್ಲಿ ಉಳಿಯುತ್ತದೆ. ಒಂದೇ ಫಲಕದಲ್ಲಿ, ಕನ್ನಡದಲ್ಲೂ ಮಲಯಾಳದಲ್ಲೂ, ದೂರದಿಂದ ಓದುವಷ್ಟು ದಪ್ಪ ಅಕ್ಷರದಲ್ಲಿ ಮಿತಿಗಳನ್ನು ಬರೆಸಿ: ಎಷ್ಟು ಗಾಳಿಗೆ ಹೊರಡಬಾರದು, ಎಷ್ಟು ಅಲೆಗೆ ಕಾಲು ಇಳಿಸಬಾರದು, ಡೆಕ್ಕಿನ ಮೇಲೆ ಎಷ್ಟು ಟನ್ ದಾಟಬಾರದು, ಸಾಗುವಾಗ ಯಾವ ಬಾಗಿಲುಗಳು ಮುಚ್ಚಿರಬೇಕು, ಈ ಕಾಲುಗಳಿಗೆ ಅತಿ ಹೆಚ್ಚಿನ ಆಳ ಎಷ್ಟು. ಹೊರಡುವ ಮೊದಲು ಹೈದರಾಬಾದಿನಲ್ಲಿರುವ ಸರಕಾರದ ಕಡಲ ಮಾಹಿತಿ ಕೇಂದ್ರ ಇನ್‌ಕಾಯ್ಸ್ ಕೊಡುವ ಅಲೆಯ ಮುನ್ಸೂಚನೆಯನ್ನೂ ಹವಾಮಾನ ಇಲಾಖೆಯ ಗುಡುಗುಗಾಳಿಯ ಎಚ್ಚರಿಕೆಯನ್ನೂ ಸೀಮೆಸುಣ್ಣದಲ್ಲಿ ಬರೆಯಲು ಆ ಮಿತಿಗಳ ಪಕ್ಕದಲ್ಲೇ ಖಾಲಿ ಜಾಗ ಬಿಡಿಸಿ, ಎರಡೂ ಸಂಖ್ಯೆಗಳು ಒಂದೇ ನೋಟಕ್ಕೆ ಅಕ್ಕಪಕ್ಕ ಕಾಣುವಂತೆ.